ಇಲ್ಲ, ಮಾಚು ಪಿಚು ನೋಡಿಲ್ಲ

ದಕ್ಷಿಣ ಅಮೆರಿಕಾಲಿ ಓದಿ ಬಂದೆ ಅಂದ್ರೆ ಸಾಕು, ಎಲ್ಲರೂ "ಮಾಚು ಪಿಚು ನೋಡಿದ್ಯಾ?" ಅಂತಾರೆ. ಇಲ್ಲ. ನೋಡಿಲ್ಲ. ಬರೆದಿಟ್ರೆ ಇನ್ಮೇಲೆ ಕೇಳಿದೋರಿಗೆಲ್ಲ ಇದನ್ನೇ ಕಳಿಸಿ ಸುಮ್ನಿರಬಹುದು ಅಂತ ಬರೀತಿದೀನಿ.

ನಾನು ಓದಿದ್ದು ಬೊಲಿವಿಯಾದ ಲಾ ಪಾಸ್‌ನಲ್ಲಿ. ಮಾಚು ಪಿಚು, ಅಂದ್ರೆ ಇಂಕಾ ರಾಜರ ಕಾಲದ ಆ ಹಳೇ ಗುಡ್ಡದೂರು, ಇರೋದು ಪೆರುನಲ್ಲಿ. ಬೇರೆ ದೇಶ ಸ್ವಾಮೀ, ಬೇರೆ ವೀಸಾ. ಕುಸ್ಕೋವರೆಗೆ ರಾತ್ರಿಯಿಡೀ ಬಸ್ಸು, ಅಲ್ಲಿಂದ ಟೂರಿಸ್ಟ್ ರೇಟಿನ ಟ್ರೈನು, ಟ್ರೈನ್ ಇಳಿದ್ಮೇಲೆ ಗುಡ್ಡ ಹತ್ತೋಕೆ ಇನ್ನೊಂದು ಬಸ್ಸು, ಒಳಗೆ ಹೋಗೋಕೆ ಮುಂಚೆನೇ ಬುಕ್ ಮಾಡಿರೋ ಟಿಕೆಟ್ಟು, ಇದೆಲ್ಲ ಸ್ಕಾಲರ್‌ಶಿಪ್ ದುಡ್ಡಲ್ಲಿ ಬಾಡಿಗೆ ಕಟ್ಟೋಳಿಗೆ ಆಗೋ ಮಾತಲ್ಲ.

ಕೇಳಲಿ, ಅದಕ್ಕೆ ಬೇಜಾರಿಲ್ಲ. ಇಲ್ಲ ಅಂದ ತಕ್ಷಣ ಮುಖದಲ್ಲಿ ಒಂದು ಮರುಕ ಬರುತ್ತಲ್ಲ, ಅದಕ್ಕೆ ಉರಿಯುತ್ತೆ. ಅಕ್ಕನ ಮಗನ ನಾಮಕರಣ, ಪಂಕ್ತಿಲಿ ಕೂತಿದೀವಿ, ಇನ್ನೂ ಕೋಸಂಬರಿ ಬಡಿಸ್ತಿದಾರೆ, ಎದುರು ಸಾಲಿಂದ ದೊಡ್ಡಪ್ಪ ಎಲ್ಲರಿಗೂ ಕೇಳೋ ಹಾಗೆ "ಅಷ್ಟು ದೂರ ಹೋಗಿ ಅದೊಂದು ನೋಡ್ದೆ ಬಂದ್ಯೇನಮ್ಮಾ? ಅಷ್ಟು ಮೇಲೆ ಹತ್ತೋಕೆ ಆಗ್ಲಿಲ್ವಾ?" ಅಂದ್ರು. ಹತ್ತೋಕೆ! ಮಾಚು ಪಿಚು ಇರೋದು 2,430 ಮೀಟರ್ ಎತ್ತರದಲ್ಲಿ, ಲಾ ಪಾಸ್‌ಗೆ ಅಂಟಿಕೊಂಡಿರೋ, ನನ್ನ ರೂಮಿದ್ದ ಎಲ್ ಆಲ್ಟೋ ಊರು 4,000 ಮೀಟರ್‌ಗಿಂತ ಮೇಲೆ. ನಮ್ಮ ಮುಳ್ಳಯ್ಯನಗಿರಿ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ರೂ ನನ್ನ ರೂಮಿನ ಬಾಗಿಲು ಮುಟ್ಟಲ್ಲ. ಅಲ್ಲಿಂದ ಮಾಚು ಪಿಚುಗೆ ಹೋಗ್ಬೇಕಂದ್ರೆ ಇಳೀಬೇಕು ದೊಡ್ಡಪ್ಪಾ ಅಂದೆ. ಅವರು ಪೂರ್ತಿ ಕೇಳಿಸ್ಕೊಂಡು "ಆದ್ರೂ ಒಂದು ಫೋಟೋ ಇರ್ಬೇಕಿತ್ತು" ಅಂದ್ರು, ಪಕ್ಕದಲ್ಲಿದ್ದ ಭಾವ ಫೋನ್ ತೆಗೆದು ಮಾಚು ಪಿಚು ಹೇಗಿದೆ ಅಂತ ನನಗೇ ತೋರಿಸಿದ್ರು.

ಉಯುನಿಯ ಉಪ್ಪಿನ ಬಯಲು ನೋಡಿದೀನಿ, ಟಿಟಿಕಾಕಾ ಸರೋವರ ನೋಡಿದೀನಿ, ತಿವಾನಾಕು ಅಂತ ಇಂಕಾಗಳಿಗಿಂತ ಎಷ್ಟೋ ಹಳೇ ಊರಿನ ಕಲ್ಲು ನೋಡಿದೀನಿ. ಅದನ್ನ ಯಾರೂ ಕೇಳಲ್ಲ, ಹೋಗ್ಲಿ ಬಿಡಿ. ದಿನಾ ಕ್ಲಾಸಿಗೆ ಹೆಂಗೆ ಹೋಗ್ತಿದ್ದೆ ಅಂತಾದ್ರೂ ಯಾರಾದ್ರೂ ಕೇಳ್ಬಾರ್ದಾ?

ರೋಪ್‌ವೇಲಿ ಹೋಗ್ತಿದ್ದೆ! ಪಿಕ್ನಿಕ್‌ಗಲ್ಲ, ದಿನಾ. ಎಲ್ ಆಲ್ಟೋ ಮೇಲೆ ಬಯಲಲ್ಲಿದೆ, ಲಾ ಪಾಸ್ ಕೆಳಗೆ ಹಳ್ಳದಲ್ಲಿ, ಮಧ್ಯ ರಸ್ತೆ ಅಂದ್ರೆ ಬರೀ ಟ್ರಾಫಿಕ್ಕು, ಅದಕ್ಕೇ 2014ರಲ್ಲಿ ಕೆಂಪು, ಹಳದಿ, ಹಸಿರು ಅಂತ ಬಾವುಟದ ಬಣ್ಣದ್ದೇ ಮೂರು ಲೈನ್ ಶುರು ಮಾಡಿದ್ರು, ಆಮೇಲೆ ಇನ್ನೂ ಸೇರಿಸಿದ್ರು. ಒಂದು ಡಬ್ಬಿಲಿ ಹತ್ತು ಜನ. ಹತ್ತೋರು ಒಳಗಿರೋರಿಗೆಲ್ಲ ಬುಎನೋಸ್ ದಿಯಾಸ್, ಅಂದ್ರೆ ಸ್ಪ್ಯಾನಿಷ್‌ನ ಗುಡ್ ಮಾರ್ನಿಂಗ್, ಹೇಳ್ಲೇಬೇಕು, ಹೇಳದೆ ಕೂತ್ರೆ ಗುಂಡನೆ ಬೌಲರ್ ಹ್ಯಾಟ್ ಹಾಕ್ಕೊಂಡಿರೋ ಅಜ್ಜಿ ಒಂಥರಾ ನೋಡ್ತಾರೆ. ಕೆಂಪು ಲೈನ್ ಊರಿನ ದೊಡ್ಡ ಸ್ಮಶಾನದ ಮೇಲೇ ಹೋಗುತ್ತೆ, ಕೆಳಗೆ ಗೋಡೆ ತುಂಬ ಚಿತ್ರ ಬರೆದಿರೋ ಸಮಾಧಿಗಳು, ಆಮೇಲೆ ಪ್ಲಾಸ್ಟರ್ ಕಾಣದ ಇಟ್ಟಿಗೆ ಮನೆಗಳು, ತಾರಸಿ ಮೇಲೆ ಒಣಗಾಕಿದ ಬಟ್ಟೆ, ನಾಯಿ, ದೂರದಲ್ಲಿ ಇಲ್ಯಿಮಾನಿ ಶಿಖರದ ಹಿಮ. ಊರಲ್ಲಿ ಬಂದ್ ಮಾಡಿ ರಸ್ತೆಗೆ ಕಲ್ಲು ಅಡ್ಡ ಇಟ್ಟ ದಿನ, ಅಲ್ಲಿ ಅದು ಮಾಮೂಲು, ಮಿನಿಬಸ್ ಯಾವ್ದೂ ಇಲ್ಲದಾಗ ತಲೆ ಮೇಲೆ ಇದು ಓಡ್ತಾನೇ ಇರ್ತಿತ್ತು.

ಇನ್ನೊಂದು, ಅಲ್ಲಿ ದುಡ್ಡಿರೋರು ಗುಡ್ಡದ ಮೇಲೆ ಬಂಗಲೆ ಕಟ್ಟಲ್ಲ. ಕೆಳಗೆ ಇಳಿದಷ್ಟೂ ಚಳಿ ಕಮ್ಮಿ, ಉಸಿರು ಸಲೀಸು, ಹಂಗಾಗಿ ಸಾಹುಕಾರರೆಲ್ಲ ಕೆಳಗೆ ಸೋನಾ ಸೂರ್ ಅನ್ನೋ ಏರಿಯಾದಲ್ಲಿ, ನಮ್ಮಂಥೋರು ಮೇಲೆ. ಮೇಲಿರೋರ ಪಾಡು ಅಡುಗೆಮನೇಲಿ ಗೊತ್ತಾಗುತ್ತೆ: ಆ ಎತ್ತರದಲ್ಲಿ ನೀರು 86–87 ಡಿಗ್ರಿಗೇ ಕುದ್ದುಬಿಡುತ್ತೆ, ಬೇಳೆ ಅದರಲ್ಲಿ ಗಂಟೆಗಟ್ಟಲೆ ಕುಣಿದ್ರೂ ಬೇಯಲ್ಲ. ಅಮ್ಮ ಹಟ ಮಾಡಿ ಸೂಟ್‌ಕೇಸಿಗೆ ತುರುಕಿದ್ದ ಪ್ರೆಶರ್ ಕುಕ್ಕರ್ ಇಲ್ಲದಿದ್ರೆ ನಾನು ಚುನ್ಯೋ ತಿಂದೇ ಡಿಗ್ರಿ ಮುಗಿಸ್ಬೇಕಿತ್ತು. ಚುನ್ಯೋ ಅಂದ್ರೆ ಆಲೂಗಡ್ಡೆನ ರಾತ್ರಿ ಹಿಮದಲ್ಲಿ ಹರವಿ, ಕಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಲ್ಲಿ ಒಣಗಿಸಿದ್ದು, ವರ್ಷಗಟ್ಟಲೆ ಕೆಡಲ್ಲ. ರುಚಿ ಬಗ್ಗೆ ಕೇಳ್ಬೇಡಿ, ಆ ಜನ ನನಗೆ ತುಂಬಾ ಒಳ್ಳೇದು ಮಾಡಿದಾರೆ.

ಯಾರಾದ್ರೂ ಹೋಗೋದಿದ್ರೆ ಗುರುವಾರನೋ ಭಾನುವಾರನೋ ಕೆಂಪು ಲೈನ್ ಹತ್ತಿ ಕೊನೇ ಸ್ಟೇಷನ್‌ನಲ್ಲಿ ಇಳೀರಿ, ಫೋನ್ ಒಳಜೇಬಲ್ಲಿ ಇರ್ಲಿ. ಎಲ್ ಆಲ್ಟೋ ಸಂತೆ ಅದು, ಹಳೇ ಬಟ್ಟೆಯಿಂದ ಹಿಡಿದು ಕಾರಿನ ಬಿಡಿಭಾಗದವರೆಗೆ ಎಲ್ಲ ಸಿಗುತ್ತೆ. ನನ್ನ ಕುಕ್ಕರಿನ ಗ್ಯಾಸ್ಕೆಟ್ ಹೋದಾಗ ಅರ್ಧ ದಿನ ಅಲ್ಲೇ ಸುತ್ತಿದ್ದು. ಸಿಕ್ತು, ಬೇರೆ ಕಂಪನಿದು, ಸರಿಯಾಗೇ ಕೂತ್ಕೊಂತು.