ಮಹಡಿ ಮೇಲಿನ ಯೋಗ ಕ್ಲಾಸು

ನಮ್ಮ ಕುವೆಂಪುನಗರದಲ್ಲಿ ಮನೆ ಮಹಡಿ ಮೇಲೆ ಯೋಗ ಹೇಳ್ಕೊಡೋ ಅಕ್ಕ ಒಬ್ರಿದ್ದಾರೆ, ಹದಿನೈದು ವರ್ಷದಿಂದ ಹೇಳ್ಕೊಡ್ತಿದ್ದಾರೆ, ಆದ್ರೂ ಪಕ್ಕದ ಕ್ರಾಸ್‌ನೋರಿಗೇ ಗೊತ್ತಿರಲಿಲ್ಲ. ಹೋದ ತಿಂಗಳು ಅವರ ಜೊತೆ ಕೂತು ಗೂಗಲ್ ಮ್ಯಾಪ್‌ಗೆ ಜಾಗ ಸೇರಿಸಿ, ಟೈಮಿಂಗ್ ಹಾಕಿ, ಒಂದು ರೀಲ್ ಮಾಡಿದ್ವಿ. ಮಂಡಿ ನೋವಿರೋ ವಯಸ್ಸಾದ ಅಮ್ಮ ಒಬ್ರು ಗೋಡೆ ಹಿಡ್ಕೊಂಡು ತಾಡಾಸನಕ್ಕೆ ನಿಂತಿರ್ತಾರೆ, ಅಕ್ಕ ಬಗ್ಗಿ ಅವರ ಹಿಮ್ಮಡಿ ಸರಿ ಮಾಡ್ತಾ "ಉಸಿರು ಬಿಡಿ ಅಮ್ಮ, ಹಿಡ್ಕೋಬೇಡಿ" ಅಂತಾರೆ, ಅಷ್ಟೇ ವಿಡಿಯೋ. (ಅಮ್ಮನ್ನ ಕೇಳಿ, ಅವರು ಹೂಂ ಅಂದ್ಮೇಲೇ ಹಾಕಿದ್ದು.) ಈ ವಾರ ನಾಲ್ಕು ಜನ ಹೊಸಬರು ಬಂದ್ರು, ಅಕ್ಕನ ಮುಖ ನೋಡಿ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ!

"ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ" ಅಂತ ಹಾಕಿ, ಜನ ಓಡೋಡಿ ಬರ್ತಾರೆ ಅಂತ ಯಾರೋ ಹೇಳಿದ್ರಂತೆ. ಬೇಡವೇ ಬೇಡ ಅಂದೆ. ಸಕ್ಕರೆ ಕಾಯಿಲೆಗೆ ಔಷಧಿ ಅಂತ ಜಾಹೀರಾತು ಕೊಡೋದನ್ನ 1954ರ ಕಾಯ್ದೆನೇ ತಡೆಯುತ್ತೆ, ಅದು ಬಿಡಿ, ಅದನ್ನ ನಂಬಿ ಯಾರಾದ್ರೂ ಮಾತ್ರೆ ನಿಲ್ಲಿಸಿಬಿಟ್ರೆ?

ನಾವು ಮೈಸೂರಿನೋರು ಪ್ರಚಾರಕ್ಕೆ ಸಂಕೋಚ ಪಡೋದು ಯಾಕೋ. 1933ರಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೇಲಿ ಯೋಗಶಾಲೆ ನಡೆಸಿದ ಕೃಷ್ಣಮಾಚಾರ್ಯರೂ ಶಿಷ್ಯರನ್ನ ಕಟ್ಕೊಂಡು ಊರೂರಿಗೆ ಹೋಗಿ ಜನರೆದುರು ಆಸನ ಮಾಡಿ ತೋರಿಸ್ತಿದ್ರು.

ಭಾನುವಾರ ಇನ್ನೊಂದು ರೀಲ್ ಇದೆ, ಕುರ್ಚಿ ಮೇಲೆ ಕೂತು ಮಾಡೋ ಪ್ರಾಣಾಯಾಮ. ಬೆಳಗ್ಗೆ ಆರಕ್ಕೇ ಬಾ, ಬೆಳಕು ಚೆನ್ನಾಗಿರುತ್ತೆ ಅಂದಿದ್ದಾರೆ ಅಕ್ಕ.