ವೀಸಾ ಷೇರಿನ ಅಭ್ಯಾಸ: ಐದು ತಿಂಗಳ ಟಿಪ್ಪಣಿ

ಮೇ 4, 2025

ಒಂದೇ ಒಂದು ವಿದೇಶಿ ಕಂಪನಿಯನ್ನು ಆರಿಸಿಕೊಂಡು, ಅದರ ವಾರ್ಷಿಕ ವರದಿಯನ್ನು ಮೊದಲ ಪುಟದಿಂದ ಕೊನೆಯ ಅಡಿಟಿಪ್ಪಣಿಯವರೆಗೆ ಓದಿ, ಅರ್ಥವಾದ ಮೇಲೆ ಮಾತ್ರ ಹತ್ತು ಷೇರು ಕೊಳ್ಳಬೇಕೆಂದು ಈ ಕೆಲಸವನ್ನು ಕೈಗೆತ್ತಿಕೊಂಡಿದ್ದೇನೆ. ಆರಿಸಿಕೊಂಡದ್ದು ಕಾರ್ಡ್ ಪಾವತಿಗಳ ಜಾಲ ನಡೆಸುವ ಅಮೆರಿಕದ ಕಂಪನಿ ವೀಸಾ. ಅದರ ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುವುದರಿಂದ ನನ್ನ ಮುಂದಿರುವುದು 2024ರ ವರದಿ.

ಮೊದಲ ವಾರದ ಲೆಕ್ಕ ಪೂರ್ತಿ ತಪ್ಪಾಗಿತ್ತು. ಅಂಗಡಿಯವರಿಂದ ಕಡಿತವಾಗುವ ಶುಲ್ಕವೆಲ್ಲ ವೀಸಾಕ್ಕೆ ಸೇರುತ್ತದೆಂದು ಎಣಿಸಿದ್ದೆ. ಅದರ ದೊಡ್ಡ ಪಾಲಾದ ಇಂಟರ್‌ಚೇಂಜ್ ಸೇರುವುದು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಸಾಲ ಕೊಡುವುದೂ ಬಡ್ಡಿ ಪಡೆಯುವುದೂ ವಸೂಲಾಗದ ಸಾಲದ ನಷ್ಟ ಹೊರುವುದೂ ಆ ಬ್ಯಾಂಕೇ. ವೀಸಾ ನಡುವಿನ ದಾರಿಯನ್ನು ನೋಡಿಕೊಳ್ಳುತ್ತದೆ, ಆ ದಾರಿಯ ಸುಂಕವನ್ನು ಬ್ಯಾಂಕುಗಳಿಂದ ಪಡೆಯುತ್ತದೆ. 2024ರಲ್ಲಿ ಅದರ ಕಾರ್ಡುಗಳ ಮೂಲಕ ನಡೆದ ಪಾವತಿ ಸುಮಾರು 13.2 ಲಕ್ಷ ಕೋಟಿ ಡಾಲರ್, ನಿವ್ವಳ ಆದಾಯ 3,590 ಕೋಟಿ ಡಾಲರ್. ಭಾಗಿಸಿ ನೋಡಿದರೆ ಸಾವಿರ ಡಾಲರಿನ ಪಾವತಿಗೆ ಕಂಪನಿಗೆ ಉಳಿಯುವುದು ಎರಡು ಡಾಲರ್ ಎಪ್ಪತ್ತು ಸೆಂಟ್ ಅಷ್ಟೇ. ಈ ಸಣ್ಣ ಪಾಲಿನಿಂದಲೇ ಆ ವರ್ಷ 1,970 ಕೋಟಿ ಡಾಲರ್ ನಿವ್ವಳ ಲಾಭ ಬಂದಿದೆ ಎಂಬುದನ್ನು ಕಂಡು, ಲೆಕ್ಕವನ್ನು ಮತ್ತೆ ಎರಡು ಸಲ ಮಾಡಿದೆ.

ಮೇ 25

ಎಕ್ಸೆಲ್ ಹಾಳೆಯಲ್ಲಿ ತ್ರೈಮಾಸಿಕ ಪಾವತಿಗಳ ಮೊತ್ತವನ್ನೂ ಸೇವಾ ಆದಾಯವನ್ನೂ (ಜಾಲದ ಬಳಕೆಗಾಗಿ ವೀಸಾ ಬ್ಯಾಂಕುಗಳಿಂದ ಪಡೆಯುವುದು) ಅಕ್ಕಪಕ್ಕ ಇಟ್ಟರೆ ಎರಡೂ ತಾಳೆಯಾಗುತ್ತಿರಲಿಲ್ಲ. ಎರಡು ವಾರ ಇದರಲ್ಲೇ ಕಳೆಯಿತು. ಸೇವಾ ಆದಾಯವನ್ನು ಹಿಂದಿನ ತ್ರೈಮಾಸಿಕದ ಪಾವತಿ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆಂದು ವರದಿಯಲ್ಲಿಯೇ ಬರೆದಿದೆ. ಒಂದು ಕಾಲಂ ಪಕ್ಕಕ್ಕೆ ಸರಿಸಿದ ಕೂಡಲೇ ಎರಡೂ ಸಾಲುಗಳು ಜೊತೆಜೊತೆಯಾಗಿ ಏರಿಳಿದವು.

ಅಂತರರಾಷ್ಟ್ರೀಯ ವಹಿವಾಟಿನ ಸಾಲು ನನಗೆ ಬೇಗ ಅರ್ಥವಾಯಿತು, ಏಕೆಂದರೆ ಅದರ ಒಂದು ತುಣುಕು ನನ್ನ ಕೈಯಲ್ಲಿಯೇ ಇತ್ತು. ಮಗಳನ್ನು ನೋಡಲು ಜರ್ಮನಿಗೆ ಹೋಗಿದ್ದಾಗ 42 ಯೂರೋ ಕೊಟ್ಟು ಒಂದು ಜೊತೆ ಮಳೆಗಾಲದ ಬೂಟು ಕೊಂಡಿದ್ದೆ. ತಿಂಗಳ ಸ್ಟೇಟ್‌ಮೆಂಟಿನಲ್ಲಿ ಆ ಖರೀದಿಯ ಕೆಳಗೆ ವಿದೇಶಿ ಕರೆನ್ಸಿಯ ಮಾರ್ಕಪ್ (ಹೆಚ್ಚುವರಿ ಶುಲ್ಕ) ಎಂದು ಮತ್ತೊಂದು ಸಾಲು, ಅದರ ಕೆಳಗೆ ಆ ಮಾರ್ಕಪ್‌ನ ಮೇಲಿನ ಜಿಎಸ್‌ಟಿ. ಮಾರ್ಕಪ್ ನನ್ನ ಬ್ಯಾಂಕಿನದು. ಗಡಿ ದಾಟಿದ್ದಕ್ಕಾಗಿ ವೀಸಾ ಬ್ಯಾಂಕುಗಳಿಂದ ಪಡೆಯುವ ಶುಲ್ಕ ನಮ್ಮ ಕಣ್ಣಿಗೆ ಬೀಳದಂತೆ ಅದರ ಹಿಂದೆ ಇರುತ್ತದೆ. 2019ರಲ್ಲಿ ಈ ಬಾಬಿನಿಂದ ಸುಮಾರು 780 ಕೋಟಿ ಡಾಲರ್ ಬಂದಿತ್ತು. ಕೋವಿಡ್‌ನಿಂದ ವಿಮಾನಗಳು ನಿಂತ 2020ರಲ್ಲಿ ಅದು 630 ಕೋಟಿಗೆ ಇಳಿಯಿತು, 2024ರಲ್ಲಿ 1,270 ಕೋಟಿಗೆ ಏರಿತು. ಪ್ರಯಾಣ ನಿಂತರೆ ಈ ಕಂಪನಿಗೆ ಮೊದಲು ನೋಯುವುದು ಇಲ್ಲಿಯೇ.

ಜೂನ್ 15

ಹತ್ತು ಷೇರು ಕೊಂಡಾಯಿತು. ಬ್ಯಾಂಕಿನ ಶಾಖೆಯಲ್ಲಿ, ವಿದೇಶಕ್ಕೆ ಹಣ ಕಳಿಸಲು ತುಂಬುವ ಎ2 ಫಾರ್ಮಿನ ಉದ್ದೇಶದ ಕಾಲಂನಲ್ಲಿ ಹೂಡಿಕೆಯ ಬದಲು ಕುಟುಂಬ ನಿರ್ವಹಣೆಯ ಕೋಡ್ ತುಂಬಿಬಿಟ್ಟಿದ್ದರಿಂದ ಹಣ ತಿರುಗಿ ಬಂದು ಒಂಬತ್ತು ದಿನ ತಡವಾಯಿತು. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಕಳಿಸಬಹುದು. ಈ ಏಪ್ರಿಲ್‌ನಿಂದ ಹತ್ತು ಲಕ್ಷ ರೂಪಾಯಿ ದಾಟಿದ ಹೂಡಿಕೆಯ ರವಾನೆಗೆ ಶೇ 20 ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ) ಇದೆ. ನನ್ನ ಮೊತ್ತ ಅದಕ್ಕಿಂತ ಬಹಳ ಕೆಳಗಿದೆ. ಷೇರು ಒಂದೇ ಇದ್ದರೂ ಆದಾಯ ತೆರಿಗೆ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು, ಅದೂ ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ. ಇನ್ನೊಂದು ಸಂಗತಿಯನ್ನು ಮನೆಯವರಿಗೆ ಬರೆದಿಟ್ಟಿದ್ದೇನೆ: ಅಮೆರಿಕದಲ್ಲಿ ನೆಲೆಸದವರ ಹೆಸರಿನಲ್ಲಿ ಅಲ್ಲಿನ ಆಸ್ತಿ 60,000 ಡಾಲರಿಗಿಂತ ಹೆಚ್ಚಿದ್ದರೆ ಅವರ ಮರಣದ ನಂತರ ಅಲ್ಲಿನ ಉತ್ತರಾಧಿಕಾರ ತೆರಿಗೆಯ ಪ್ರಶ್ನೆ ಏಳುತ್ತದೆ.

ಜುಲೈ 13

ಈ ತಿಂಗಳೆಲ್ಲ ಒಂದೇ ಸಾಲಿನ ಮೇಲೆ ಕೂತಿದ್ದೇನೆ. ಆದಾಯದ ಪಟ್ಟಿಯಲ್ಲಿ ಸೇವೆ, ದತ್ತಾಂಶ ಸಂಸ್ಕರಣೆ, ಅಂತರರಾಷ್ಟ್ರೀಯ, ಇತರೆ ಎಂಬ ನಾಲ್ಕು ಬಾಬುಗಳ ನಂತರ ಕಳೆಯುವ ಚಿಹ್ನೆಯೊಡನೆ ‘ಗ್ರಾಹಕ ಪ್ರೋತ್ಸಾಹಧನ’ ಎಂಬುದು ಬರುತ್ತದೆ. ಇಲ್ಲಿ ಗ್ರಾಹಕರೆಂದರೆ ಕಾರ್ಡ್ ಉಜ್ಜುವ ನಾವಲ್ಲ; ಮುಖ್ಯವಾಗಿ ಬ್ಯಾಂಕುಗಳು, ದೊಡ್ಡ ವ್ಯಾಪಾರಿಗಳು. ನಮ್ಮ ಕಾರ್ಡುಗಳ ಮೇಲೆ ನಿಮ್ಮದೇ ಗುರುತಿರಲಿ, ಎದುರಾಳಿಯದು ಬೇಡ ಎನ್ನಲು ಬ್ಯಾಂಕು ಎಷ್ಟು ಕೇಳುತ್ತದೆ, ವೀಸಾ ಎಷ್ಟು ಕೊಡುತ್ತದೆ ಎಂಬ ಚೌಕಾಸಿಯೆಲ್ಲ ಈ ಒಂದು ಸಂಖ್ಯೆಯಲ್ಲಿ ಅಡಗಿದೆ.

2019ರಲ್ಲಿ ಒಟ್ಟು ಆದಾಯ ಸುಮಾರು 2,920 ಕೋಟಿ ಡಾಲರ್, ಪ್ರೋತ್ಸಾಹಧನ 620 ಕೋಟಿ, ಅಂದರೆ ಶೇ 21. 2023ರಲ್ಲಿ 4,500 ಕೋಟಿಗೆ 1,230 ಕೋಟಿ, ಶೇ 27. 2024ರಲ್ಲಿ 4,970 ಕೋಟಿಗೆ 1,380 ಕೋಟಿ, ಶೇ 28ಕ್ಕೆ ಹತ್ತಿರ. ಇದನ್ನು ಕಳೆದು ಉಳಿಯುವ ನಿವ್ವಳ ಆದಾಯ 2020ರ ನಂತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವುದರಿಂದ ಸುದ್ದಿಯ ತಲೆಬರಹಗಳಲ್ಲಿ ಇದು ಕಾಣುವುದಿಲ್ಲ. ಆದರೆ ದೊಡ್ಡ ಬ್ಯಾಂಕುಗಳು ಸುಂಕದಲ್ಲಿ ಹೆಚ್ಚು ಹೆಚ್ಚು ಪಾಲನ್ನು ಹಿಂದಕ್ಕೆ ಪಡೆಯುತ್ತಿವೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಇನ್ನೊಂದು ಸಂಖ್ಯೆ ನನಗೆ ವರದಿಯಲ್ಲಿ ಸಿಗಲಿಲ್ಲ. ಈ ಷೇರಿನಲ್ಲಿ ನಾನು ಗಮನಿಸುತ್ತಿರಬೇಕಾದದ್ದು ಬೆಲೆಯನ್ನಲ್ಲ, ಈ ಶೇಕಡಾವಾರನ್ನು ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಮೊಕದ್ದಮೆಗಳ ಅಧ್ಯಾಯವನ್ನೂ ಓದಿದೆ. 2008ರಲ್ಲಿ ಷೇರುಪೇಟೆಗೆ ಬರುವಾಗ ಹಳೆಯ ಕೆಲವು ದಾವೆಗಳ ಹೊರೆಯನ್ನು ಬಿ ವರ್ಗದ ಷೇರುಗಳಿರುವ ಅಮೆರಿಕದ ಬ್ಯಾಂಕುಗಳ ಮೇಲೆ ಹೊರಿಸಿದ್ದಾರೆ. ಪರಿಹಾರ ಕೊಟ್ಟಷ್ಟೂ ಆ ಷೇರುಗಳು ಎ ವರ್ಗಕ್ಕೆ ಬದಲಾಗುವ ಪ್ರಮಾಣ ಕುಗ್ಗುತ್ತದೆ. ನಮ್ಮಂಥವರು ಕೊಳ್ಳುವುದು ಎ ವರ್ಗವನ್ನು, ಹಾಗಾಗಿ ಇದು ನಮಗೆ ಆಸರೆ. ಡೆಬಿಟ್ ಕಾರ್ಡುಗಳಲ್ಲಿ ಏಕಸ್ವಾಮ್ಯ ನಡೆಸುತ್ತಿದೆಯೆಂದು ಅಮೆರಿಕದ ನ್ಯಾಯ ಇಲಾಖೆ 2024ರ ಸೆಪ್ಟೆಂಬರ್‌ನಲ್ಲಿ ಹೂಡಿದ ದಾವೆ ಈ ಆಸರೆಯ ಹೊರಗಿನದು.

ಸೆಪ್ಟೆಂಬರ್ 7

ಮೊದಲ ಲಾಭಾಂಶ ಬಂದಿತು. ಷೇರಿಗೆ 59 ಸೆಂಟ್, ಹತ್ತಕ್ಕೆ 5 ಡಾಲರ್ 90 ಸೆಂಟ್. ನಾನು ಅಮೆರಿಕದ ನಿವಾಸಿಯಲ್ಲವೆಂದು ತಿಳಿಸುವ ಡಬ್ಲ್ಯೂ-8ಬೆನ್ ಫಾರ್ಮ್ ಮೊದಲೇ ಕೊಟ್ಟಿದ್ದರಿಂದ ಅಮೆರಿಕ ಶೇ 30ರ ಬದಲು ಶೇ 25 ಹಿಡಿದುಕೊಂಡಿತು. ಖಾತೆಗೆ ಸೇರಿದ್ದು 4 ಡಾಲರ್ 42 ಸೆಂಟ್. ಪೂರ್ತಿ ಮೊತ್ತವನ್ನು ಇಲ್ಲಿ ಆದಾಯವೆಂದು ತೋರಿಸಿ, ಅಲ್ಲಿ ಕಡಿತವಾದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯುವಂತೆ ಫಾರ್ಮ್ 67ರ ಮೂಲಕ ಕೇಳಬೇಕು. ಚೀಟಿಯನ್ನು ಕಡತಕ್ಕೆ ಸೇರಿಸಿದ್ದೇನೆ.

ಇದೇ ವಾರ ಆಗಸ್ಟ್ ತಿಂಗಳ ಯುಪಿಐ ಅಂಕಿ ಓದಿದೆ: ಒಂದೇ ತಿಂಗಳಲ್ಲಿ 2,000 ಕೋಟಿಗೂ ಮಿಕ್ಕಿ ವಹಿವಾಟು. ವೀಸಾ 2024ರಲ್ಲಿ ಜಗತ್ತಿನಾದ್ಯಂತ ಸಂಸ್ಕರಿಸಿದ್ದು 23,380 ಕೋಟಿ, ತಿಂಗಳ ಸರಾಸರಿ 1,950 ಕೋಟಿ. ಈ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಬಹಳ ಹೊತ್ತು ನೋಡುತ್ತಿದ್ದೆ. ಸಂಜೆ ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ತೊಗರಿಬೇಳೆಗೆ ಫೋನಿನಿಂದ ಹಣ ಕೊಟ್ಟೆ. ಡಬ್ಬಿ ಮಾತಾಡಿತು, ಅಂಗಡಿಯವರು ತಲೆಯೆತ್ತಲೂ ಇಲ್ಲ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿ ಶುಲ್ಕವನ್ನು ಸರ್ಕಾರವೇ ಸೊನ್ನೆಗೆ ಇಳಿಸಿದೆ. ವಹಿವಾಟು ಎಷ್ಟೇ ಬೆಳೆದರೂ ಸುಂಕವಿಲ್ಲದಿದ್ದರೆ ಆದಾಯವಿಲ್ಲ. ವೀಸಾದ ಆದಾಯದಲ್ಲಿ ಸುಮಾರು ಶೇ 40 ಅಮೆರಿಕದಿಂದಲೇ ಬರುವುದರಿಂದ ನಮ್ಮ ಬೀದಿಯ ಡಬ್ಬಿ ಅದನ್ನು ಇವತ್ತು ಅಲುಗಿಸಲಾರದು. ಆದರೂ ಬೇರೆ ದೇಶಗಳ ಸರ್ಕಾರಗಳು ಇದೇ ದಾರಿ ಹಿಡಿದರೆ ಏನಾಗಬಹುದೆಂದು ಮೈಸೂರಿನ ಹೂಡಿಕೆದಾರ ನ್ಯೂಯಾರ್ಕಿನವರಿಗಿಂತ ಹತ್ತಿರದಿಂದ ನೋಡುತ್ತಾನೆ. ಹಾಗಾಗಿ ಹಾಳೆಯಲ್ಲಿ ದೇಶವಾರು ಪಾವತಿ ಜಾಲಗಳಿಗೆಂದು ಹೊಸ ಪುಟ ತೆರೆದಿದ್ದೇನೆ.

ಅಕ್ಟೋಬರ್ ಕೊನೆಗೆ 2025ರ ವಾರ್ಷಿಕ ಅಂಕಿಗಳು ಬರುತ್ತವೆ. ಲಾಭದ ಸಾಲಿಗೆ ಹೋಗುವ ಮೊದಲು ಪ್ರೋತ್ಸಾಹಧನದ ಕೋಷ್ಠಕವನ್ನು ತುಂಬುತ್ತೇನೆ. ಅದು ಶೇ 28ರಿಂದ ಎಷ್ಟು ಮೇಲಕ್ಕೆ ಹೋಗಿದೆ ಎಂದು ನೋಡಿದ ಮೇಲೆಯೇ ಹನ್ನೊಂದನೆಯ ಷೇರಿನ ಮಾತು.