ಮಂಗನ ಕಾಯಿಲೆಯ ಲಸಿಕೆಗಾಗಿ

ಈ ವಾರ ಶಿವಮೊಗ್ಗದಲ್ಲಿ ಒಬ್ಬ ವಿಜ್ಞಾನಿಯನ್ನು ಭೇಟಿಯಾದೆ. ಹೊಸ ಹೊಸ ವೈರಸ್‌ಗಳಿಗೆ ಲಸಿಕೆ ಮಾಡುವುದರಲ್ಲಿ ದೊಡ್ಡ ಹೆಸರು ಅವರದ್ದು. ಮಾತಾಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. "ದರಗು (ಒಣಗಿದ ಎಲೆ) ತರೋಕೆ ಯಾವ ತಿಂಗಳು ಕಾಡಿಗೆ ಹೋಗ್ತೀರಿ? ಹೆಂಗಸರೂ ಹೋಗ್ತಾರಾ?" ನಾನು ಹೇಳಿದ್ದನ್ನೆಲ್ಲ ಪುಟ್ಟ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡರು.

ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಗಿದ್ದು 1957ರಲ್ಲಿ. ಉಣುಗು ಕಚ್ಚಿದರೆ ಬರುತ್ತದೆ. ಹಳೆ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಂಡು, ಆಮೇಲೆ ಬೂಸ್ಟರ್ ಬೇರೆ ತಗೋಬೇಕಿತ್ತು. ಅಷ್ಟಾದರೂ ಕೆಲವರಿಗೆ ಅದೇ ಕಾಯಿಲೆ ಬಂತು. ಕೊನೆಗೆ ನಿಲ್ಲಿಸಿದರು. ಈಗ ಹೊಸ ಲಸಿಕೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೈಹಾಕಿದೆ.

ಕಾಡಂಚಿನ ಬಡವರಿಗೆ ಬರೋ ಕಾಯಿಲೆ ಇದು. ಲಾಭ ನೋಡುವವರು ಇತ್ತ ಯಾಕೆ ತಲೆ ಹಾಕ್ತಾರೆ, ಅಲ್ವಾ? ಅದಕ್ಕೇ ಇಂಥವರನ್ನು ಕಂಡರೆ ನನಗೆ ತುಂಬಾ ಗೌರವ.

ಲಸಿಕೆ ಯಾವಾಗ ಬರುತ್ತೆ ಅಂತ ಕೇಳಿದೆ. "ಪರೀಕ್ಷೆಗಳು ಮುಗಿಯದೆ ದಿನ ಹೇಳೋಕಾಗಲ್ಲ" ಅಂದರು. ಸುಮ್ನೆ ಆಸೆ ಹುಟ್ಟಿಸದ ಆ ನೇರ ಮಾತು ಇಷ್ಟವಾಯಿತು.

ಊರಿನವರೇ, ಅಲ್ಲಿಯವರೆಗೆ ಉಣುಗು ಹತ್ತಿರ ಬರದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಚ್ಚಿಕೊಳ್ಳದೆ ಕಾಡಿಗೆ ಹೋಗಬೇಡಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಮುಟ್ಟಬೇಡಿ, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ.